ಬೀದಿನಾಟಕ ಯಾರ ಕಡೆ ಮುಖ ಮಾಡಿದೆ?

ಸ್ತ್ರೀವಾದಿ ಪರ್ಫಾರ್ಮೆನ್ಸ್ ಆರ್ಟಿನ ಚರಿತ್ರೆ ಹೇಳುವವರಿಗೆ ನಮ್ಮ ವಿಚಾರ ಸಂಕಿರಣಗಳಲ್ಲಿ ಒಂದು ಸವೆದ ದಾರಿ ಇದೆ. 1964ರಲ್ಲಿ ಯೋಕೊ ಓನೊ ಕ್ಯೋಟೊದ ವೇದಿಕೆಯ ಮೇಲೆ ಸುಮ್ಮನೆ ಕೂತು, ಬಂದವರ ಕೈಗೆ ಕತ್ತರಿ ಕೊಟ್ಟು, ತಾನುಟ್ಟ ಬಟ್ಟೆಯನ್ನು ಕತ್ತರಿಸಲು ಬಿಟ್ಟಲ್ಲಿಂದ ಅದು ಹೊರಡುತ್ತದೆ. 1974ರಲ್ಲಿ ನೇಪಲ್ಸಿನಲ್ಲಿ ಮರೀನಾ ಅಬ್ರಮೊವಿಚ್ ಮೇಜಿನ ಮೇಲೆ 72 ವಸ್ತುಗಳನ್ನಿಟ್ಟು, ಇವುಗಳಿಂದ ನನ್ನನ್ನು ಏನು ಬೇಕಾದರೂ ಮಾಡಿ ಎಂದು ಆರು ಗಂಟೆ ನಿಂತದ್ದನ್ನು ದಾಟಿಕೊಂಡು, ನೆಟ್ಟಗೆ ಬೆಂಗಳೂರಿನ ಗ್ಯಾಲರಿಗೆ ಬಂದು ಇಳಿಯುತ್ತದೆ. ಕೊನೆಯ ಸ್ಲೈಡಿನಲ್ಲಿ ‘ನಮ್ಮ ಜನಪದದಲ್ಲಿ ಇದು ಮೊದಲೇ ಇತ್ತು’ ಎಂಬ ಸಾಲು, ಅದರ ಕೆಳಗೆ ಸೋಬಾನೆ ಹೇಳುತ್ತಿರುವ ಒಬ್ಬ ಮುದುಕಿಯ ಫೋಟೊ. ಚಪ್ಪಾಳೆ, ಆಮೇಲೆ ಟೀ ವಿರಾಮ.

ದಾರಿಯ ಆ ತುದಿಯ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಕೊನೆಯ ಸ್ಲೈಡಿನ ಬಗ್ಗೆ. ನಾನು ಮೊಳಕಾಲ್ಮುರು ಸೀಮೆಯವಳು. ನನ್ನ ಪಿಎಚ್.ಡಿ. ಕೆಲಸ ಈ ತಾಲ್ಲೂಕು ಮತ್ತು ಪಕ್ಕದ ಚಳ್ಳಕೆರೆಯ ಹಟ್ಟಿಗಳ ನಡುವೆ ನಡೆಯುತ್ತಿದೆ. ಹಾಗಾಗಿ ಆ ಫೋಟೊದಲ್ಲಿರುವ ಮುದುಕಿ ನನಗೆ ಬರೀ ಫೋಟೊ ಅಲ್ಲ. ಆಕೆ ಹಾಡುವಾಗ ಎಲ್ಲಿ ಕೂತಿದ್ದಳು, ತಿಂಗಳ ಆ ಮೂರು ದಿನ ಎಲ್ಲಿ ಕೂತಿರುತ್ತಿದ್ದಳು ಎಂಬ ಎರಡನ್ನೂ ಒಟ್ಟಿಗೆ ಕೇಳದೆ ‘ಪ್ರತಿರೋಧ’ ಎಂಬ ಮಾತನ್ನು ಆಕೆಯ ಹಣೆಗೆ ಅಂಟಿಸುವುದು ವಿದ್ವತ್ತಿನ ಸೋಮಾರಿತನ ಎಂದೇ ನನ್ನ ವಾದ.

ಮೊದಲು ಹೊರಗಿನದನ್ನು ಸರಿಯಾಗಿ ಓದೋಣ. ಎಪ್ಪತ್ತರ ದಶಕದ ಸ್ತ್ರೀವಾದಿ ಪ್ರದರ್ಶನಗಳೆಂದರೆ ಹೆಣ್ಣು ತನ್ನ ಮೈಯನ್ನೇ ಮಾಧ್ಯಮ ಮಾಡಿಕೊಂಡದ್ದು ಎಂದು ನಾವು ಗಿಳಿಪಾಠ ಒಪ್ಪಿಸುತ್ತೇವೆ. 1977ರ ಡಿಸೆಂಬರಿನಲ್ಲಿ ಸುಝಾನ್ ಲೇಸಿ ಮತ್ತು ಲೆಸ್ಲಿ ಲಬೊವಿಟ್ಸ್ ಲಾಸ್ ಏಂಜಲೀಸ್ ನಗರಸಭೆಯ ಮೆಟ್ಟಿಲ ಮೇಲೆ ಮಾಡಿದ್ದನ್ನು ನೋಡಿ. ಊರಿನಲ್ಲಿ ಹೆಂಗಸರ ಕೊಲೆಗಳು ಒಂದರ ಹಿಂದೊಂದು ಆಗುತ್ತಿದ್ದವು, ಪತ್ರಿಕೆಗಳು ಅದನ್ನು ರೋಚಕ ಕಥೆ ಮಾಡಿ ಮಾರುತ್ತಿದ್ದವು. ಆಳೆತ್ತರಕ್ಕಿಂತ ಎತ್ತರ ಕಾಣುವಂತೆ ತಲೆಯಿಂದ ಕಾಲಿನ ತನಕ ಕಪ್ಪು ಹೊದ್ದ ಹೆಂಗಸರು ಶವವಾಹನದಿಂದ ಇಳಿದು ನಗರಸಭೆಯ ಎದುರು ಸಾಲಾಗಿ ನಿಂತರು. ಟಿವಿ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಸಂಜೆಯ ಸುದ್ದಿಗೆ ಎಷ್ಟು ಹೊತ್ತಿನ ದೃಶ್ಯ ಸಿಗುತ್ತದೆ ಎಂಬುದನ್ನೂ ಅವರು ಮೊದಲೇ ಲೆಕ್ಕ ಹಾಕಿದ್ದರು. ನಗರಸಭೆಯ ಸದಸ್ಯರು ಹೊರಗೆ ಬಂದು ಮಾತಾಡಬೇಕಾಯಿತು. ಮೈ, ಬಟ್ಟೆ, ಮೌನ ಎಲ್ಲವೂ ಅಲ್ಲಿದ್ದವು. ಆದರೆ ಆ ಪ್ರದರ್ಶನವನ್ನು ಚಳವಳಿಯ ಭಾಗ ಮಾಡಿದ್ದು ಅದರ ವಿಳಾಸ. ಅದು ಯಾರನ್ನು ಉದ್ದೇಶಿಸಿತ್ತೋ ಅವರು ತಲೆತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ನಮ್ಮಲ್ಲೂ ಇದಕ್ಕೆ ನಿದರ್ಶನಗಳಿವೆ. 1979ರ ಸುಮಾರಿಗೆ ದಿಲ್ಲಿಯಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಹುಟ್ಟಿದ ‘ಓಂ ಸ್ವಾಹಾ’ ಬೀದಿನಾಟಕ, 1983ರಲ್ಲಿ ಮುಂಬೈಯ ಸ್ತ್ರೀ ಮುಕ್ತಿ ಸಂಘಟನೆ ಆಡಲು ಶುರುಮಾಡಿದ ಜ್ಯೋತಿ ಮ್ಹಾಪ್‌ಸೇಕರ್ ಅವರ ‘ಮುಲ್ಗಿ ಝಾಲಿ ಹೋ’, ಎರಡೂ ಸಭಾಂಗಣದ ಕತ್ತಲಲ್ಲಿ ಕೂತವರಿಗಾಗಿ ಬರೆದವಲ್ಲ. ಹೆಣ್ಣು ಸುಟ್ಟುಹೋದ ಮನೆಯ ಮುಂದೆ ಹೆಂಗಸರು ಧರಣಿ ಕೂರುತ್ತಿದ್ದ ಕಾಲವದು. ನಾಟಕ ಆ ಧರಣಿಯ ಇನ್ನೊಂದು ರೂಪ. 1983ರಲ್ಲಿ 498ಎ, 1986ರಲ್ಲಿ 304ಬಿ ಕಲಮುಗಳು ದಂಡ ಸಂಹಿತೆಗೆ ಸೇರಿದ್ದು ನಾಟಕದಿಂದಲೇ ಎಂದು ಯಾರೂ ಹೇಳುವುದಿಲ್ಲ. ಆದರೆ ಆ ದಶಕದ ಗದ್ದಲದಲ್ಲಿ ಈ ನಾಟಕಗಳ ದನಿಯೂ ಇತ್ತು.

ಈಗ ಮೈಯ ವಿಷಯಕ್ಕೆ ಬರೋಣ. ಬೆತ್ತಲೆ ಎಂದರೆ ಬಿಡುಗಡೆ ಎಂದು ನಂಬುವ ಕಲಾ ವಿಮರ್ಶಕರಿಗೆ ಕರ್ನಾಟಕದಲ್ಲಿ ಒಂದು ಔಷಧಿ ಇದೆ: ಚಂದ್ರಗುತ್ತಿ. ಸೊರಬ ತಾಲ್ಲೂಕಿನ ಆ ಗುಡ್ಡಕ್ಕೆ ವರದಾ ನದಿಯಿಂದ ಹೆಣ್ಣುಮಕ್ಕಳು ಬೆತ್ತಲೆಯಾಗಿ ನಡೆದು ರೇಣುಕಾಂಬೆಗೆ ಹರಕೆ ತೀರಿಸುತ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ, ಕಾವಲಿಗಿದ್ದ ಪೊಲೀಸರನ್ನೂ, ಮಹಿಳಾ ಪೊಲೀಸರನ್ನೂ ಗುಂಪು ಹೊಡೆದು ಬಟ್ಟೆ ಕಿತ್ತಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ 12 ಜನ ತಾಯಂದಿರು ಬಟ್ಟೆ ಕಳಚಿ ನಿಂತು, ಮನೋರಮಾಳ ಸಾವಿಗೆ ಉತ್ತರ ಕೊಡಿ ಎಂದು ಅಸ್ಸಾಂ ರೈಫಲ್ಸಿಗೆ ಸವಾಲು ಹಾಕಿದರು. ಅದಕ್ಕೆ ನಾಲ್ಕು ವರ್ಷ ಮೊದಲೇ, ಮಹಾಶ್ವೇತಾದೇವಿಯವರ ‘ದ್ರೌಪದಿ’ ಕಥೆಯನ್ನು ಕನ್ಹಯ್ಯಲಾಲ್ ರಂಗಕ್ಕೆ ತಂದಾಗ, ಹೈಸ್ನಾಂ ಸಾವಿತ್ರಿ ಸೇನಾಧಿಕಾರಿಯ ಎದುರು ಅದೇ ರೀತಿ ನಿಂತಿದ್ದರು. ಆಗ ಮಣಿಪುರದ ಪತ್ರಿಕೆಗಳು ಅಸಹ್ಯಪಟ್ಟುಕೊಂಡಿದ್ದವು. ಚಂದ್ರಗುತ್ತಿಯಲ್ಲೂ ಇಂಫಾಲದಲ್ಲೂ ಇದ್ದದ್ದು ಹೆಣ್ಣಿನ ಬೆತ್ತಲೆ ಮೈಯೇ. ಒಂದರಲ್ಲಿ ಅದು ಅಪ್ಪಣೆ ಪಾಲಿಸುತ್ತಿತ್ತು, ಇನ್ನೊಂದರಲ್ಲಿ ಪ್ರಶ್ನೆ ಕೇಳುತ್ತಿತ್ತು.

ದ್ರೌಪದಿಯ ಮಾತು ಬಂದಿತಲ್ಲ, ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ಆಡುವ ‘ಕುರುಕ್ಷೇತ್ರ’ದ ದ್ರೌಪದಿಯನ್ನೂ ಇಲ್ಲಿಗೆ ಕರೆಯಬೇಕು. ದುರ್ಯೋಧನ, ಭೀಮ, ಕೃಷ್ಣ ಎಲ್ಲರೂ ಊರಿನ ಗಂಡಸರೇ. ಪಾತ್ರಕ್ಕಿಷ್ಟು ಎಂದು ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು ಆಡುತ್ತಾರೆ. ದ್ರೌಪದಿ ಮಾತ್ರ ಹೊರಗಿನವಳು, ಸಂಭಾವನೆಗೆ ಬಂದವಳು. ಬಳ್ಳಾರಿ, ಮರಿಯಮ್ಮನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದು, ರಾತ್ರಿಯಿಡೀ ಹಾಡಿ, ಬೆಳಗಿನ ಜಾವ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಮೇಕಪ್ಪು ಒರೆಸಿಕೊಳ್ಳುವವಳು. ತುಂಬಿದ ಸಭೆಯಲ್ಲಿ ಆಕೆ ಧರ್ಮದ ಪ್ರಶ್ನೆ ಕೇಳಿದಾಗ ಊರು ಒನ್ಸ್ ಮೋರ್ ಕೂಗುತ್ತದೆ, ಮೈಕಿನಲ್ಲಿ ಇನಾಮು ಕೊಟ್ಟವರ ಹೆಸರು ಹೇಳುತ್ತಾರೆ. ಆ ಪ್ರಶ್ನೆ ತಮ್ಮನ್ನೇ ಕೇಳಿದ್ದು ಎಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಊರಿನ ಹೆಣ್ಣುಮಗಳು ಆ ಪಾತ್ರ ಮಾಡಿದರೆ ಅನ್ನಿಸೀತೇನೊ. ಅದಕ್ಕೇ ಊರಿನ ಹೆಣ್ಣುಮಗಳು ಮಾಡುವುದಿಲ್ಲ.

ಈಗ ಹಟ್ಟಿಗೆ ಹೋಗೋಣ.

ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳದ ಜಾನಪದ ವಿದ್ಯಾರ್ಥಿ ಇರಲಾರ. ಅಕ್ಷರ ಕಲಿಯದ ಈ ಕಾಡುಗೊಲ್ಲರ ಅಜ್ಜಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟಿತು. ಒಂದು ಹೆಣ್ಣು ದನಿ ಇಷ್ಟು ದೊಡ್ಡ ಭಂಡಾರವಾಗಬಲ್ಲುದು ಎಂದು ತೋರಿಸಿದ್ದಕ್ಕೆ ನಾವೆಲ್ಲ ಆ ಅಜ್ಜಿಗೆ ಋಣಿಗಳು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆಕೆ ಹಾಡಿದಂಥ ಹಟ್ಟಿಗಳಲ್ಲೇ ಹೆಣ್ಣು ಮುಟ್ಟಾದರೆ, ಹೆತ್ತರೆ, ಬೇಲಿಯಾಚೆ ಹೋಗಬೇಕು. ಬಾಣಂತಿ ಹಸುಗೂಸಿನ ಜೊತೆ ಗುಡಿಸಲಲ್ಲೋ ಮರದಡಿಯಲ್ಲೋ ದಿನಗಟ್ಟಲೆ ಇರಬೇಕು. ಎಷ್ಟು ದಿನ ಎಂಬುದು ಹಟ್ಟಿಯಿಂದ ಹಟ್ಟಿಗೆ ಬೇರೆ. ಕೆಲವು ಹಟ್ಟಿಗಳಲ್ಲಿ ಈಗ ಸಡಿಲವಾಗಿದೆ, ಕೆಲವು ಕಡೆ ಮನೆಯ ಹಿಂದೆಯೇ ಒಂದು ಕೋಣೆಯಾಗಿದೆ, ಕೆಲವು ಕಡೆ ಏನೂ ಬದಲಾಗಿಲ್ಲ. ಮ್ಯಾಸನಾಯಕರ ಹಟ್ಟಿಗಳಲ್ಲೂ ಇದರ ನೆರಳಿದೆ. ಇಲ್ಲೊಂದು ಮಾತು. ಪಟ್ಟಣದ ಓದುಗರು ಇದನ್ನು ಓದಿ ‘ಅಯ್ಯೋ, ಈ ಕಾಲದಲ್ಲೂ’ ಎನ್ನುವುದು ಬೇಡ. ನಿಮ್ಮ ಅಪಾರ್ಟ್‌ಮೆಂಟಿನ ದೇವರ ಕೋಣೆಯ ಹೊಸ್ತಿಲು ಆ ಬೇಲಿಯ ತಂಗಿಯೇ. ಗೊಲ್ಲರದು ಹೊರಗೆ ಕಾಣುತ್ತದೆ, ನಿಮ್ಮದು ಬಾಗಿಲ ಹಿಂದಿದೆ, ಅಷ್ಟೇ ವ್ಯತ್ಯಾಸ. ಮಳೆಯಲ್ಲಿ ನೆನೆಯುವುದು ಮಾತ್ರ ಅವರ ಕೂಸು.

ಈ ಕಾಣುವುದು, ಕಾಣದಿರುವುದು ಎಂಬಲ್ಲೇ ನಮ್ಮ ಕಲಾ ಸಿದ್ಧಾಂತ ಎಡವುತ್ತದೆ. 1972ರಲ್ಲಿ ಲಾಸ್ ಏಂಜಲೀಸಿನ ‘ವುಮನ್‌ಹೌಸ್’ನಲ್ಲಿ ಜೂಡಿ ಶಿಕಾಗೊ ಮುಟ್ಟಿನ ಬಚ್ಚಲುಮನೆಯೊಂದನ್ನು ಕಟ್ಟಿ ತೋರಿಸಿದರು. ಎಲ್ಲ ಬೆಳ್ಳಗೆ, ಚೊಕ್ಕಟ, ನಡುವೆ ತುಂಬಿ ತುಳುಕುವ ರಕ್ತದ ಬಟ್ಟೆಗಳು. ಅಲ್ಲಿ ಅದು ದೊಡ್ಡ ಮಾತು, ಏಕೆಂದರೆ ಆ ಸಮಾಜ ಮುಟ್ಟನ್ನು ಬಚ್ಚಿಡುತ್ತಿತ್ತು. ಅದನ್ನು ನೋಡಿ ಕಲಿತ ನಾವು ಮುಟ್ಟಿನ ಬಗ್ಗೆ ‘ಮೌನ ಮುರಿಯುವ’ ಪ್ರದರ್ಶನಗಳನ್ನು ಮಾಡುತ್ತೇವೆ: ಕೆಂಪು ಬಣ್ಣ, ಬಿಳಿ ಸೀರೆ, ಹಿನ್ನೆಲೆಗೆ ತಮಟೆ. ಗೊಲ್ಲರಹಟ್ಟಿಯಲ್ಲಿ ಮುರಿಯುವುದಕ್ಕೆ ಯಾವ ಮೌನವಿದೆ? ಯಾರು ಇವತ್ತು ಹೊರಗಿದ್ದಾಳೆ ಎಂಬುದು ಮಾವನಿಗೆ ಗೊತ್ತು, ಮೈದುನನಿಗೆ ಗೊತ್ತು, ರಸ್ತೆಯಲ್ಲಿ ಹೋಗುವ ಬಸ್ಸಿನ ಕಂಡಕ್ಟರಿಗೂ ಗೊತ್ತು. ಅಲ್ಲಿ ಹೆಣ್ಣನ್ನು ಹಣಿಯುತ್ತಿರುವುದು ಗುಟ್ಟಲ್ಲ, ಡಂಗುರ. ಆಕೆಗೆ ಬೇಕಾಗಿರುವುದು ತನ್ನ ಮುಟ್ಟು ಊರಿಗೆ ಕಾಣದಿರುವ ಹಕ್ಕು. ಅದನ್ನು ಕಾಣಿಸುವ ಕಲೆ ಆಕೆಗೆ ಇನ್ನೊಂದು ಡಂಗುರವೇ.

ಸರ್ಕಾರವೂ ತನ್ನ ಪಾಲಿನ ರಂಗಸಜ್ಜಿಕೆ ಮಾಡಿದೆ. ಮರದಡಿ ಕೂರುವವರ ಕಷ್ಟ ನೋಡಲಾಗದೆ ಗೊಲ್ಲರಹಟ್ಟಿಗಳ ಹೊರಗೆ ಕೃಷ್ಣ ಕುಟೀರ, ಮಹಿಳಾ ಭವನ ಎಂಬ ಹೆಸರಿನ ಕಟ್ಟಡಗಳನ್ನು ಕಟ್ಟಿಸಿತು. ಮಳೆ ಬಿಸಿಲಿಗೆ ಸೂರು ಸಿಕ್ಕಿತು, ನಿಜ. ಆದರೆ ಬೇಲಿಯಾಚೆ ಸಿಮೆಂಟಿನ ಕಟ್ಟಡ ನಿಂತರೆ ಬೇಲಿ ಗಟ್ಟಿಯಾಯಿತು ಎಂದೇ ಅರ್ಥ. ಇತ್ತ 2017ರಲ್ಲಿ ಮಂಜೂರಾಗಿ 2020ರಿಂದ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಮುಟ್ಟಾದವರನ್ನು, ಬಸುರಿ ಬಾಣಂತಿಯರನ್ನು ಬಲವಂತದಿಂದ ಪ್ರತ್ಯೇಕವಾಗಿಡುವುದು ಅಪರಾಧ ಎನ್ನುತ್ತದೆ. ಒಂದೇ ಸರ್ಕಾರದ ಒಂದು ಕೈ ಅಪರಾಧವೆಂದು ಬರೆಯಿತು, ಇನ್ನೊಂದು ಕೈ ಆ ಅಪರಾಧಕ್ಕೆ ಚಾವಣಿ ಹಾಕಿತು.

ಮೂರನೆಯ ಕೈಯಲ್ಲಿ ಬೀದಿನಾಟಕ. ಇಲಾಖೆಯೊಂದರ ಜಾಗೃತಿ ಕಾರ್ಯಕ್ರಮವನ್ನು ಒಂದು ಹಟ್ಟಿಯಲ್ಲಿ ಕೂತು ನೋಡಿದ್ದೇನೆ. ಕಲಾವಿದರೆಲ್ಲ ಗಂಡಸರು, ಒಬ್ಬ ಸೀರೆ ಉಟ್ಟಿದ್ದ. ತಮಟೆ ಬಡಿದು ಹೆಂಗಸರನ್ನು ಮುಂದೆ ಕೂರಿಸಿದರು. ಗಂಡಸರು ದೂರದಲ್ಲಿ ಬೈಕಿನ ಮೇಲೆ. ಮೂಢನಂಬಿಕೆ ಬಿಡಿ ತಾಯಂದಿರೇ, ಹೊರಗೆ ಕೂರಬೇಡಿ, ಆರೋಗ್ಯ ಕೆಡುತ್ತದೆ ಎಂದು ಸೀರೆ ಉಟ್ಟವನು ಅರ್ಧ ಗಂಟೆ ಬುದ್ಧಿ ಹೇಳಿದ. ಫೋಟೊ ತೆಗೆದುಕೊಂಡರು, ಮುಂದಿನ ಹಟ್ಟಿಗೆ ಹೊರಟರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಕಡಲೆಕಾಯಿ ಬಿಡಿಸುತ್ತಲೇ ಹೇಳಿದ ಮಾತು ಇದು: ‘ನಮ್ಗ್ಯಾಕಮ್ಮ ಈ ನಾಟ್ಕ? ನಾವೇನು ಆಸೆಪಟ್ಟು ಹೊರ್ಗೆ ಕುಂತ್ಕಂಡಿದೀವಾ? ಪೂಜಾರಪ್ಪನ ಮುಂದೆ ಆಡ್ರಿ ಅನ್ನು.’

ಪರ್ಫಾರ್ಮೆನ್ಸ್ ಸಿದ್ಧಾಂತದ ಮೇಲೆ ನಾನು ಓದಿರುವ ಪುಸ್ತಕಗಳಲ್ಲಿ ಇಷ್ಟು ನೇರವಾದ ವಿಮರ್ಶೆ ಕಡಿಮೆ. ಆ ನಾಟಕದ ತಪ್ಪು ಅದರ ಸಂಭಾಷಣೆಯಲ್ಲಿ ಇರಲಿಲ್ಲ, ಕಲಾವಿದರ ಬಡತನದಲ್ಲೂ ಇರಲಿಲ್ಲ. ಶಿಕ್ಷೆ ಅನುಭವಿಸುತ್ತಿರುವವಳನ್ನೇ ಅದು ತಪ್ಪಿತಸ್ಥಳೆಂದು ಸಂಬೋಧಿಸಿತ್ತು. ದೇವರಿಗೆ ಆಗುವುದಿಲ್ಲ ಎಂದು ಕಟ್ಟಳೆ ಹೇಳುವವರು ಪೂಜಾರಿ, ಯಜಮಾನ, ಅಣ್ಣತಮ್ಮಂದಿರ ಕೂಟ. ಬೈಕಿನ ಮೇಲೆ ಕೂತಿದ್ದವರು ಅವರೇ.

ಹಾಗಾದರೆ ಹಟ್ಟಿಯ ಹೆಂಗಸರ ಸ್ವಂತ ಪ್ರದರ್ಶನಗಳ ಗತಿಯೇನು? ಇಲ್ಲಿ ನನ್ನ ಜಗಳ ನಮ್ಮ ಪ್ರಾಧ್ಯಾಪಕ ವರ್ಗದ ಜೊತೆ. ಹಾಡಿದರೆ ಪ್ರತಿರೋಧ, ಕುಣಿದರೆ ಪ್ರತಿರೋಧ, ದೇವರು ಮೈಮೇಲೆ ಬಂದರಂತೂ ಮಹಾ ಪ್ರತಿರೋಧ ಎಂಬ ವಾಡಿಕೆ ನಮ್ಮ ಪ್ರಬಂಧಗಳಲ್ಲಿ ಬಲವಾಗಿದೆ. ಮದುವೆಯ ಬೀಗರ ಹಾಡನ್ನು ತೆಗೆದುಕೊಳ್ಳಿ. ಗಂಡಿನ ಕಡೆಯವರ ಮೂಗು, ಹೊಟ್ಟೆ, ಜಿಪುಣತನ, ಅವರ ಅಪ್ಪನ ಕುಡಿತ ಯಾವುದನ್ನೂ ಬಿಡದೆ ಹೆಂಗಸರು ಮುಖದ ಮೇಲೆ ಹಾಡುತ್ತಾರೆ. ಕೇಳಿದವರು ನಗಲೇಬೇಕು. ಇದು ದೊಡ್ಡ ಕಲೆ. ಒಬ್ಬಳು ಸೊಲ್ಲು ಎತ್ತಿದರೆ ಹತ್ತು ಜನ ಅದನ್ನು ಹಿಡಿಯುವ ಈ ಕ್ರಮದಲ್ಲಿ ಬೈದವಳು ಇಂಥವಳೇ ಎಂದು ತೋರಿಸಲು ಬರುವುದಿಲ್ಲ. 2019ರಲ್ಲಿ ಚಿಲಿಯ ಲಾಸ್ ತೆಸಿಸ್ ಗುಂಪಿನ ಹೆಂಗಸರು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಬೀದಿಯಲ್ಲಿ ಆಡಿದ ಹಾಡು ದೇಶ ದೇಶ ಹಬ್ಬಿದ್ದರಲ್ಲೂ ಇಂಥದೇ ಗುಂಪಿನ ಬಲವಿತ್ತು. ಆದರೆ ಬೀಗರ ಹಾಡಿನ ಪರವಾನಗಿ ಚಪ್ಪರ ಇಳಿಸುವವರೆಗೆ ಮಾತ್ರ. ಮಾರನೆಯ ದಿನ ಅದೇ ಮಾತನ್ನು ಮಾವನ ಎದುರು ಗದ್ಯದಲ್ಲಿ ಹೇಳಿದರೆ ಏನಾಗುತ್ತದೆ ಎಂಬುದನ್ನು ಯಾವ ಪ್ರಬಂಧವೂ ಬರೆಯುವುದಿಲ್ಲ.

ಮೈಮೇಲೆ ಮಾರಮ್ಮ ಬಂದಾಗಲೂ ಅಷ್ಟೇ. ನಾಲಗೆ ಕಟ್ಟಿಕೊಂಡು ಬದುಕಿದ ಸೊಸೆ ಆ ಗಳಿಗೆಯಲ್ಲಿ ಊರಿನ ಹಿರಿಯರನ್ನು ಏಕವಚನದಲ್ಲಿ ಬೈಯುತ್ತಾಳೆ. ಅವರು ಕೈಮುಗಿದು ತಪ್ಪಾಯಿತು ತಾಯಿ ಎನ್ನುತ್ತಾರೆ. ಉತ್ತರ ಸಿಕ್ಕಿತಲ್ಲ ಎಂದು ನೀವು ಕೇಳಬಹುದು. ಸಿಕ್ಕಿದ್ದು ಮಾರಮ್ಮನಿಗೆ. ನಿಂಬೆಹಣ್ಣು ಹಿಂಡಿ, ನೀರು ಚಿಮುಕಿಸಿ ದೇವರನ್ನು ಇಳಿಸಿದ ಮೇಲೆ ಆ ಸೊಸೆಯ ಪಾಲಿಗೆ ಉಳಿಯುವುದು ಮೈಕೈ ನೋವು, ಬೆಳಗಿನ ಕೊಡಪಾನ. ಇದರಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೈಗುಳದ ಭಾಷೆ, ಗುಂಪಿನ ಧೈರ್ಯ, ಎದುರಿನವನ ಕಣ್ಣು ನೋಡುವ ಅಭ್ಯಾಸ ಎಲ್ಲವೂ ಅಲ್ಲಿ ಬೆಳೆದಿವೆ. ಚಳವಳಿಗೆ ಬೇಕಾದ ಸರಕು ಅದು. ಸರಕನ್ನೇ ಚಳವಳಿ ಎಂದು ಕರೆದುಬಿಟ್ಟರೆ ನಮ್ಮ ಪ್ರಬಂಧ ಮುಗಿಯುತ್ತದೆ, ಅವಳ ಮೂರು ದಿನ ಮುಗಿಯುವುದಿಲ್ಲ.

ಗ್ಯಾಲರಿಯನ್ನು ಪೂರ್ತಿ ತಳ್ಳಿಹಾಕುವವರ ಗುಂಪಿಗೂ ನಾನು ಸೇರಿದವಳಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ’ ಫೋಟೊ ಸರಣಿಯಲ್ಲಿ, ಬ್ರಿಟಿಷರ ಕಾಲದ ಮಾನವಶಾಸ್ತ್ರಜ್ಞರು ‘ಬುಡಕಟ್ಟು ಹೆಂಗಸ’ರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ಮಾಡಿದ ಭಂಗಿಯಲ್ಲಿ ಸ್ವತಃ ನಿಂತರು. ಆ ಚಿತ್ರ ಹಟ್ಟಿಯ ಹೆಂಗಸಿಗೆ ಏನು ಹೇಳುತ್ತದೋ ಗೊತ್ತಿಲ್ಲ, ರೆಕಾರ್ಡರ್ ಹಿಡಿದು ಹಟ್ಟಿಗೆ ಹೋಗುವ ನನ್ನಂಥವಳಿಗೆ ಚೆನ್ನಾಗಿಯೇ ಹೇಳುತ್ತದೆ. ಅದರ ವಿಳಾಸ ಸರಿಯಿದೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ನಾನು ಬೆಂಬಲಿಸುತ್ತೇನೆ. ಆದರೆ ‘ವಿಶಿಷ್ಟ ಸಂಸ್ಕೃತಿ’ಗೆ ಪುರಾವೆ ಹುಡುಕುವಾಗ ಜುಂಜಪ್ಪನ ಗಣೆಯ ಪಕ್ಕದಲ್ಲೇ ಹೆಣ್ಣಿನ ಹೊರಗಿನ ಗುಡಿಸಲನ್ನೂ ಪಟ್ಟಿ ಮಾಡುವ ವಿದ್ವಾಂಸರು ಆ ಚೌಕಳಿ ಪರದೆಯ ಮುಂದೆ ಒಮ್ಮೆ ನಿಲ್ಲಬೇಕು.

ನಮ್ಮ ಜಿಲ್ಲೆಯಲ್ಲೇ ನಡೆದ, ಯಾವ ಕಲಾ ಇತಿಹಾಸವೂ ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರದರ್ಶನವೊಂದಿದೆ. 2019ರ ಜನವರಿ 19ರಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆಯಲು ಶುರುಮಾಡಿದರು. ಬೇಡಿಕೆ ಒಂದೇ, ಮದ್ಯ ನಿಷೇಧ. ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತ್ತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕಿರಾಣಿ ಅಂಗಡಿಯ ಡಬ್ಬಗಳ ಹಿಂದೆ ಕೂತಿತು. ಸುಮಾರು 200 ಕಿಲೋಮೀಟರ್ ದೂರ, ಹೆದ್ದಾರಿಯ ಅಂಚು, ಹವಾಯಿ ಚಪ್ಪಲಿ, ತಲೆಯ ಮೇಲೆ ಬಟ್ಟೆಗಂಟು. ದಾರಿಯಲ್ಲಿ ಅಪಘಾತವಾಗಿ ಒಬ್ಬ ಹೆಣ್ಣುಮಗಳು ತೀರಿಕೊಂಡರು. ಉಳಿದವರು ನಡೆದರು, ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು. 2012ರ ದಿಲ್ಲಿಯ ಘಟನೆಯ ಬಳಿಕ ಮಾಯಾ ಕೃಷ್ಣರಾವ್ ಕಟ್ಟಿದ ‘ವಾಕ್’ ಎಂಬ ಪ್ರದರ್ಶನವನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ, ಮಾಡಲೇಬೇಕು. ಹನ್ನೆರಡು ದಿನದ ಈ ನಡಿಗೆಯನ್ನು ಯಾಕೆ ಮಾಡುವುದಿಲ್ಲ? ಕಲೆ ಎಂದು ಅವರು ಹೇಳಿಕೊಳ್ಳಲಿಲ್ಲ ಎಂಬುದು ಉತ್ತರವಾದರೆ, ಸೋಬಾನೆಯ ಮುದುಕಿಯೂ ಹೇಳಿಕೊಂಡಿರಲಿಲ್ಲ. ಆಕೆಯ ಫೋಟೊಗೆ ಜಾಗ ಸಿಕ್ಕಿದ್ದು ಆಕೆ ಏನನ್ನೂ ಕೇಳುತ್ತಿಲ್ಲ ಎಂಬ ಕಾರಣಕ್ಕೆ ಎಂದು ನನಗೆ ಬಲವಾದ ಗುಮಾನಿ. ನಡೆದವರು ಕೇಳುತ್ತಿದ್ದರು. ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಅಬಕಾರಿ ಆದಾಯವಿದ್ದ ಸರ್ಕಾರ ಅವರಿಗೆ ನಿಷೇಧ ಕೊಡಲಿಲ್ಲ. ಆದರೆ ಉತ್ತರ ಕೊಡಬೇಕಾದವರು ಯಾರೆಂದು ಆ ಹೆಂಗಸರಿಗೆ ಗೊಂದಲವಿರಲಿಲ್ಲ. ವಿಧಾನಸೌಧದ ದಿಕ್ಕಿಗೇ ನಡೆದಿದ್ದರು.

ಮುಂದಿನ ಸಲ ಹಟ್ಟಿಗೆ ಬೀದಿನಾಟಕ ಬರುವಾಗ ಕೆಲವು ಬದಲಾವಣೆ ಆಗಲಿ. ನಾಟಕ ಗುಡಿಕಟ್ಟೆಯ ಎದುರು ನಡೆಯಲಿ, ಪೂಜಾರಿ ಮತ್ತು ಯಜಮಾನರು ಮುಂದಿನ ಸಾಲಿನಲ್ಲಿ ಕೂರಲಿ. ಕಾಯ್ದೆಯ ಕಲಮು, ಅದರ ಶಿಕ್ಷೆ ಅವರ ಕಡೆ ಮುಖ ಮಾಡಿ ಓದಲ್ಪಡಲಿ. ಸೀರೆ ಉಟ್ಟ ಗಂಡಸಿನ ಬದಲು ಅದೇ ಹಟ್ಟಿಯ, ಪಕ್ಕದ ಹಟ್ಟಿಯ ಪದ ಹೇಳುವ ಹೆಂಗಸರು ಬೀಗರ ಹಾಡಿನ ಧಾಟಿಯಲ್ಲಿ ತಾವೇ ಕಟ್ಟಿದ್ದನ್ನು ಹಾಡಲಿ. ಕಲಾವಿದರಿಗೆ ಸಿಗುವಷ್ಟೇ ಸಂಭಾವನೆ ಅವರಿಗೂ ಸಲ್ಲಲಿ. ಮಾರನೆಯ ದಿನ ಯಾರಾದರೂ ಅವರ ಮೇಲೆ ಕೈ ಎತ್ತಿದರೆ ಕೇಳುವುದಕ್ಕೆ ಹಟ್ಟಿಗೆ ಮತ್ತೆ ಬರುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಲಿ, ಬರುವವರ ಫೋನ್ ನಂಬರು ಹೆಂಗಸರ ಹತ್ತಿರ ಇರಲಿ. ಬಿಲ್ಲಿಗೆ ಫೋಟೊ ಬೇಕೇ ಬೇಕು ಎಂದಾದರೆ, ಕಡಲೆಕಾಯಿ ಬಿಡಿಸುತ್ತಾ ಕೂತ ಹೆಂಗಸರದ್ದು ಬೇಡ, ಮುಂದಿನ ಸಾಲಿನದ್ದು ತೆಗೆಯಿರಿ.